ಟ್ಯಾಂಕಿನಿಂದ ಇಂಜೆಕ್ಟರಿನವರೆಗೆ

ಜೀಪಿನ ಪೆಟ್ರೋಲ್ ಟ್ಯಾಂಕಿಗೆ ಗಾಳಿ ಆಡಲೆಂದು ಮೇಲ್ಭಾಗದಲ್ಲಿ ಬೆರಳಿಗಿಂತ ಸಣ್ಣದೊಂದು ಕೊಳವೆ, ಅದಕ್ಕೆ ಗೇಣುದ್ದದ ರಬ್ಬರ್ ಪೈಪು. ತೊಳೆದು ಒಣಗಲು ಶೆಡ್ಡಿನ ಬೆಂಚಿನ ಮೇಲಿಟ್ಟಿದ್ದ ಆ ಟ್ಯಾಂಕಿನ ಹತ್ತಿರ ಬಿಸಿಲೇರುವ ಹೊತ್ತಿಗೆ ಒಂದು ಕಣಜ ಬಂತು. ಕಪ್ಪು ಮೈ, ಹೊಟ್ಟೆಯ ಮೇಲೆ ಹಳದಿ ಪಟ್ಟೆ. ಪೈಪಿನ ಬಾಯನ್ನು ಮೀಸೆಯಿಂದ ಸುತ್ತಲೂ ತಡವಿತು, ಒಳಗೆ ಹೋಯಿತು, ಹಿಮ್ಮುಖವಾಗಿ ಹೊರಬಂದು ಗಾಳಿಯಲ್ಲಿ ಅತ್ತಿತ್ತ ತೂಗಾಡಿ ಜಾಗದ ಗುರುತು ಹಾಕಿಕೊಂಡು ಹಾರಿತು. ಮತ್ತೆ ಬಂದಾಗ ಕಾಲುಗಳ ನಡುವೆ ಹಸಿರು ಎಲೆಹುಳು ಇತ್ತು. ಸತ್ತದ್ದಲ್ಲ, ಕೊಂಡಿಯ ವಿಷಕ್ಕೆ ಮರಗಟ್ಟಿದ್ದು. ಒಂದರ ಹಿಂದೊಂದು ಹುಳುಗಳನ್ನು ತಂದು ಒಳಗೆ ಪೇರಿಸಿ, ಸಂಜೆಯ ಹೊತ್ತಿಗೆ ಉಗುಳಿನಲ್ಲಿ ಕಲಸಿದ ಕೆಮ್ಮಣ್ಣಿನಿಂದ ಬಾಯಿ ಮುಚ್ಚಿಬಿಟ್ಟಿತು. ಒಳಗೆ ನೂಲಿನೆಳೆಯಲ್ಲಿ ತೂಗುವ ಒಂದು ಮೊಟ್ಟೆ, ಅದರಿಂದ ಹೊರಬರುವ ಮರಿಗೆ ಬೇಕಾದಷ್ಟು ತಾಜಾ ಆಹಾರ. ಪೈಪು ಹೇಗೂ ಬದಲಿಸುವುದೇ ಇತ್ತು. ಅದನ್ನು ಗೂಡಿನ ಸಮೇತ ಕಿತ್ತು ಕಿಟಕಿಯ ದಂಡೆಯ ಮೇಲಿಟ್ಟೆವು.

ಇದೇ ಕೆಲಸ ಓಡುವ ಗಾಡಿಯಲ್ಲಿ ನಡೆದರೆ? ಟ್ಯಾಂಕು ಉಸಿರಾಡಬೇಕು. ಎಂಜಿನ್ ಒಂದು ಲೀಟರ್ ಪೆಟ್ರೋಲ್ ಕುಡಿದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಮಧ್ಯಾಹ್ನದ ಬಿಸಿಲಿಗೆ ಆವಿ ಹಿಗ್ಗಿದರೆ ಹೊರಗೆ ಹೋಗಬೇಕು. ಆ ದಾರಿ ಮುಚ್ಚಿದಾಗ ಗಾಡಿ ಸ್ವಲ್ಪ ದೂರ ಚೆನ್ನಾಗಿ ಓಡಿ, ಮುಗ್ಗರಿಸಿ, ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಜನ ಪಂಪು ಬದಲಿಸುತ್ತಾರೆ, ಫಿಲ್ಟರ್ ಬದಲಿಸುತ್ತಾರೆ, ಕಾಯಿಲ್ ಬದಲಿಸುತ್ತಾರೆ. ಕೊಳವೆಯ ಬಾಯನ್ನು ಯಾರೂ ನೋಡುವುದಿಲ್ಲ. 2011ರಲ್ಲಿ ಮಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ ಸುಮಾರು 65,000 ಮಜ್ದಾ 6 ಕಾರುಗಳನ್ನು ವಾಪಸ್ ಕರೆಸಿತು. ಹಳದಿ ಚೀಲಜೇಡವೊಂದು ಆವಿಯ ಕೊಳವೆಯೊಳಗೆ ಬಲೆ ನೇಯುತ್ತಿತ್ತು. ದಾರಿ ಕಟ್ಟಿ, ಒಳಗಿನ ಒತ್ತಡ ಇಳಿದು, ಟ್ಯಾಂಕು ಬಿರುಕು ಬಿಡುವ ಅಪಾಯವಿತ್ತು. ಆ ಜೇಡಕ್ಕೆ ಪೆಟ್ರೋಲಿನ ವಾಸನೆಯೇ ಆಕರ್ಷಣೆ ಎಂದು ಆಗ ಹೇಳಲಾಯಿತು. ಇಂಧನದ ವ್ಯವಸ್ಥೆ ಅಂದರೆ ಲೋಹ, ರಬ್ಬರು, ವಿದ್ಯುತ್ತು ಇಷ್ಟೇ ಅಂದುಕೊಂಡು ಕೂಡಿಸಲು ಹೊರಡಬಾರದು. ಅದು ಯಾವ ಊರಿನ ಗಾಳಿಯಲ್ಲಿ, ಯಾವ ಮಳೆಯಲ್ಲಿ, ಯಾವ ಹುಳುಗಳ ನಡುವೆ ಬದುಕಬೇಕು ಎಂಬುದನ್ನು ಮೊದಲು ನೋಡಬೇಕು. ಈ ಜೀಪಿನ ಜೊತೆಗಿದ್ದ ಕಾಲದಲ್ಲಿ ನನಗೆ ಗಟ್ಟಿಯಾದ ನಂಬಿಕೆ ಇದೊಂದೇ.

ಜೀಪು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ್ದು. ಮಹೀಂದ್ರಾದವರು ವಿಲ್ಲಿಸ್ ಪರವಾನಗಿಯಲ್ಲಿ ದಶಕಗಳ ಕಾಲ ಕಟ್ಟಿದ ಸಿಜೆ–3ಬಿ. 1953ರಲ್ಲಿ ಅಮೆರಿಕದಲ್ಲಿ ಬಂದ ಈ ಮಾದರಿಯ ಬಾನೆಟ್ ಅಷ್ಟು ಎತ್ತರವಾಗಿರಲು ಕಾರಣ ಅದರೊಳಗಿನ ಹರಿಕೇನ್ ಎಂಜಿನ್: 2.2 ಲೀಟರ್, ನಾಲ್ಕು ಸಿಲಿಂಡರ್, ಒಳಬರುವ ವಾಲ್ವು ತಲೆಯ ಮೇಲೆ, ಹೊರಹೋಗುವ ವಾಲ್ವು ಬ್ಲಾಕಿನ ಪಕ್ಕದಲ್ಲಿ. ಈ ಜೀಪಿನ ಬ್ಲಾಕು ಬಿರುಕು ಬಿಟ್ಟು ಬಹಳ ಕಾಲವಾಗಿತ್ತು. ಅದರ ಜಾಗಕ್ಕೆ ಈಗ ಮಾರುತಿ ಜಿಪ್ಸಿಯ ಎಂಜಿನ್ ಬಂದಿದೆ. 1298 ಸಿಸಿ, 16 ವಾಲ್ವು, 80 ಅಶ್ವಶಕ್ತಿ, ಕಾರ್ಬೊರೇಟರ್ ಬದಲು ಇಂಜೆಕ್ಟರು. ತಳದ ಓಟದಲ್ಲಿ ಹರಿಕೇನಿಗಿದ್ದ ಎಳೆತ ಇದಕ್ಕಿಲ್ಲ. ಬಿಡಿಭಾಗ ಮಾತ್ರ ಹಾಸನದಲ್ಲೇ ಸಿಗುತ್ತದೆ. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಅದನ್ನು ಪಡೆಯದೆ ಸ್ಪ್ಯಾನರ್ ಹಿಡಿಯಬಾರದು. 2021ರ ನಿಯಮದ ಪ್ರಕಾರ 50 ವರ್ಷ ದಾಟಿಯೂ ಮೂಲರೂಪದಲ್ಲೇ ಉಳಿದ ಗಾಡಿಗಷ್ಟೇ ವಿಂಟೇಜ್ ಮಾನ್ಯತೆ. ಈ ಜೀಪಿಗೆ ಆ ದಾರಿ ಮುಚ್ಚಿದಂತೆಯೇ. ತೋಟದ ಯಜಮಾನರು ಅದಕ್ಕೆ ಬೇಸರ ಪಡಲಿಲ್ಲ, ನಾನೂ ಪಡುವುದಿಲ್ಲ. ಕಾಫಿ ಮೂಟೆ ಹೊರಬೇಕಾದ ಜೀಪು ಮೂಟೆ ಹೊರುತ್ತಿರುವುದೇ ಚೆಂದ.

“ಎಂಜಿನ್ ಕೂರ್ಸೋದು ಏನೂ ಅಲ್ಲ ಗೌಡ್ರೆ. ಅದಕ್ಕೆ ಪೆಟ್ರೋಲ್ ಒಗ್ಗಿಸೋದಿದ್ಯಲ್ಲ, ಅದೇ ಕೆಲ್ಸ” ಎಂದು ಈ ಕೆಲಸ ಹಿಡಿದ ಮೇಸ್ತ್ರಿ ಯಜಮಾನರಿಗೆ ಮೊದಲೇ ಹೇಳಿದ್ದರು. ಹಳೆಯ ಎಂಜಿನ್ನಿನ ಪಕ್ಕದಲ್ಲಿ ಒಂದು ಸಣ್ಣ ಪಂಪು ಇರುತ್ತಿತ್ತು. ಎಂಜಿನ್ ತಿರುಗಿದಂತೆ ಸನ್ನೆಯೊಂದು ಏರಿಳಿದು, ರಬ್ಬರ್ ಪೊರೆಯನ್ನು ಎಳೆದು ಬಿಟ್ಟು ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತಿತ್ತು. ಅದರ ಒತ್ತಡ ಕಾಲು ಬಾರ್‌ನ ಆಸುಪಾಸು. ಕಾರ್ಬೊರೇಟರಿನ ಬಟ್ಟಲು ತುಂಬಿದರೆ ತೇಲುಗುಂಡು ಬಾಗಿಲು ಮುಚ್ಚುತ್ತಿತ್ತು, ಪೆಟ್ರೋಲು ಅಲ್ಲೇ ನಿಂತು ಕಾಯುತ್ತಿತ್ತು. ಇಂಜೆಕ್ಟರಿಗೆ ಬೇಕಾದದ್ದು ಸುಮಾರು 3 ಬಾರ್, ಹತ್ತು ಪಟ್ಟಿಗೂ ಮೇಲೆ. ಇಲ್ಲಿ ಪೆಟ್ರೋಲು ನಿಂತು ಕಾಯುವುದಿಲ್ಲ. ಟ್ಯಾಂಕಿನಿಂದ ಇಂಜೆಕ್ಟರುಗಳು ಕೂತಿರುವ ಕೊಳವೆಗೆ, ಅಂದರೆ ರೇಲಿಗೆ, ರೇಲಿನಿಂದ ಮತ್ತೆ ಟ್ಯಾಂಕಿಗೆ ಸುತ್ತುತ್ತಲೇ ಇರುತ್ತದೆ. ಎಷ್ಟು ಸುತ್ತುತ್ತದೆ ಎಂದು ಲೆಕ್ಕ ಹಾಕಬಹುದು. ಪೂರ್ತಿ ದುಡಿಯುವಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 230 ಗ್ರಾಂ ಪೆಟ್ರೋಲ್ ಬೇಕು. 80 ಅಶ್ವಶಕ್ತಿಗೆ 18 ಕಿಲೋ ಚಿಲ್ಲರೆ, ಅಂದರೆ ಸುಮಾರು 25 ಲೀಟರ್. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಶಕ್ತಿ ಕಡಿಮೆ, ಆದ್ದರಿಂದ 27 ಎಂದಿಟ್ಟುಕೊಳ್ಳೋಣ. ನಾವು ಹಾಕಿದ ಪಂಪು ಗಂಟೆಗೆ 100 ಲೀಟರಿನ ಹತ್ತಿರ ತಳ್ಳುತ್ತದೆ. ತೋಟದಲ್ಲಿ ಐಡ್ಲಿಂಗಿನಲ್ಲಿ ನಿಂತ ಎಂಜಿನ್ ಗಂಟೆಗೆ ಒಂದು ಲೀಟರಿನಷ್ಟು ಕುಡಿದರೆ ಹೆಚ್ಚು. ಉಳಿದದ್ದೆಲ್ಲ ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಹೊತ್ತುಕೊಂಡು ವಾಪಸ್ ಬರುತ್ತದೆ. ಆದ್ದರಿಂದ ಹೋಗುವ ಪೈಪಿನಷ್ಟೇ ಬರುವ ಪೈಪಿಗೂ ಗಮನ ಬೇಕು. ಅದು ಸಣ್ಣದಾದರೆ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಎಷ್ಟು ಬಾಯಿ ಬಿಟ್ಟರೂ ರೇಲಿನ ಒತ್ತಡ ಇಳಿಯದು.

ಸಿಜೆ–3ಬಿಯ ಟ್ಯಾಂಕು ಸೀಟಿನಡಿ ಇದೆ. ಬಿಚ್ಚಿ ಮೂಗು ಹತ್ತಿರ ಒಯ್ದರೆ ಪೆಟ್ರೋಲಿನ ವಾಸನೆಯಲ್ಲ, ಹಳೇ ವಾರ್ನಿಷಿನ ಘಾಟು. ನಿಂತ ಪೆಟ್ರೋಲಿನ ಹಗುರ ಭಾಗ ಆವಿಯಾಗಿ ಹೋಗಿ, ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗಿ ಗೋಡೆಗೆ ಹತ್ತಿರುತ್ತದೆ. ಟಾರ್ಚು ಬಿಟ್ಟು ನೋಡಿದರೆ ತಳದಲ್ಲಿ ತುಕ್ಕಿನ ಗೆರೆ ಕಂಡಿತು, ಹೊಳೆಯಂಚಿನಲ್ಲಿ ನೆರೆ ಬಿಟ್ಟುಹೋದ ಗುರುತಿನಂತೆ ಒಂದರ ಮೇಲೊಂದು. ಎಷ್ಟು ಮಳೆಗಾಲ ನೀರು ಅಲ್ಲಿ ನಿಂತಿತ್ತೋ ಅಷ್ಟರ ದಾಖಲೆ ಅದು. ಟ್ಯಾಂಕು ಅರ್ಧ ಖಾಲಿಯಿದ್ದಾಗ ರಾತ್ರಿಯ ತಂಪಿಗೆ ತೇವದ ಗಾಳಿ ಒಳಗೆ ಎಳೆಯಲ್ಪಡುತ್ತದೆ, ಗೋಡೆಯ ಮೇಲೆ ಹನಿಗಟ್ಟುತ್ತದೆ, ಕೆಳಗಿಳಿಯುತ್ತದೆ. ಮಲೆನಾಡಿನ ಆಷಾಢದಲ್ಲಿ ಇದು ದಿನನಿತ್ಯದ ವ್ಯಾಪಾರ.

ಎಥನಾಲ್ ಬಂದ ಮೇಲೆ ಈ ನೀರಿನ ನಡತೆ ಬದಲಾಗಿದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು 2022ರಲ್ಲಿ ಶೇ 10 ಮುಟ್ಟಿತು, 2025ರಲ್ಲಿ ಶೇ 20. ಬರೀ ಪೆಟ್ರೋಲು ನೀರನ್ನು ಹತ್ತಿರ ಸೇರಿಸುವುದಿಲ್ಲ, ಎಥನಾಲ್ ಕರೆದು ಸೇರಿಸಿಕೊಳ್ಳುತ್ತದೆ. ಸ್ವಲ್ಪ ನೀರಿದ್ದರೆ ಅದನ್ನು ಕರಗಿಸಿಕೊಂಡು ಎಂಜಿನ್ನಿಗೆ ಒಯ್ದು ಆವಿಯಾಗಿ ಹೊರಹಾಕಿಬಿಡುವುದರಿಂದ ಒಳ್ಳೆಯದೇ. ಮಿತಿ ಮೀರಿದರೆ ಮಾತ್ರ ಎಥನಾಲ್ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ತಳಕ್ಕಿಳಿಯುತ್ತದೆ. ಇದನ್ನು ನಾನು ಗಾಜಿನ ಬಾಟಲಿಯಲ್ಲಿ ನೋಡಿದ್ದೇನೆ. ಬಂಕಿನಿಂದ ತಂದ ಪೆಟ್ರೋಲಿಗೆ ಹನಿಹನಿಯಾಗಿ ನೀರು ಬಿಟ್ಟು ಕುಲುಕುತ್ತಾ ಹೋದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ಹನಿಗೆ ಇಡೀ ಬಾಟಲಿ ಮಬ್ಬಾಗುತ್ತದೆ. ಬಿಟ್ಟು ನೋಡಿದರೆ ಕೆಳಗೆ ಬೇರೆಯದೇ ಒಂದು ಪದರ. ಪಂಪು ಹೀರುವುದು ಆ ತಳದಿಂದಲೇ. ಇನ್ನೊಂದು ಮಾತು: ಎಥನಾಲಿಗೆ ಹಳೆಯ ಅಂಟನ್ನು ಸಡಿಲಿಸುವ ಗುಣವಿದೆ. ಮೂವತ್ತು ವರ್ಷ ಗೋಡೆಗಂಟಿ ಸುಮ್ಮನಿದ್ದ ಕೊಳೆಯೆಲ್ಲ ಹೊಸ ಪೆಟ್ರೋಲ್ ಬಿದ್ದ ಕೂಡಲೇ ಎದ್ದು ಫಿಲ್ಟರಿಗೆ ಬರುತ್ತದೆ. ಹಳೆಯ ಕಾಲದ ಟ್ಯಾಂಕುಗಳ ಒಳಮೈಗೆ ಬಳಿಯುತ್ತಿದ್ದ ಸೀಸ–ತವರದ ಲೇಪವನ್ನೂ ಅದು ಕ್ರಮೇಣ ತಿನ್ನುತ್ತದೆ. ಹಾಗಾಗಿ ಟ್ಯಾಂಕು ಪೂರ್ತಿ ಸ್ವಚ್ಛವಾಗದೆ ಮುಂದಕ್ಕೆ ಹೋಗುವಂತಿಲ್ಲ.

ತೊಳೆಯುವುದನ್ನು ಬಯಲಿನಲ್ಲೇ ಮಾಡಿದೆವು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇ 1.4ರಿಂದ 7.6ರವರೆಗೆ ಇದ್ದಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಅದಕ್ಕಿಂತ ಹೆಚ್ಚು, ಖಾಲಿಯಾದಂತೆ ಆ ಹದಕ್ಕೆ ಇಳಿಯುತ್ತದೆ. ಆವಿ ಗಾಳಿಗಿಂತ ಭಾರ. ಶೆಡ್ಡಿನ ಗುಂಡಿಯಲ್ಲಿ ಇಳಿದು ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಸ್ತ್ರಿ ಆ ಗುಂಡಿಯ ಮೇಲೆ ಪೆಟ್ರೋಲಿನ ಕೆಲಸ ಮಾಡಲು ಯಾರಿಗೂ ಬಿಡುತ್ತಿರಲಿಲ್ಲ, ಬೀಡಿ ಹಚ್ಚಿದವರನ್ನು ಅಂಗಳದಾಚೆಗೆ ಕಳಿಸುತ್ತಿದ್ದರು. ಈ ಶಿಸ್ತಿನ ಬಗ್ಗೆ ನನಗೆ ದೊಡ್ಡ ಗೌರವ.

ಮುಂದಿನದು ಓರೆಯ ಪ್ರಶ್ನೆ. ತೋಟದ ದಾರಿ ಅಂದರೆ ಏರು, ಇಳಿಜಾರು, ಅಡ್ಡ ಓರೆ, ಕಲ್ಲು. ಅಗಲವಾದ, ಆಳ ಕಡಿಮೆಯ ಟ್ಯಾಂಕಿನಲ್ಲಿ ಹತ್ತು ಲೀಟರ್ ಪೆಟ್ರೋಲ್ ಇದ್ದರೆ ಅದು ಎಲ್ಲಿರುತ್ತದೆ? ಸೀಟಿನ ಮೇಲೆ ಚಪ್ಪಟೆ ಡಬ್ಬದಲ್ಲಿ ಬಣ್ಣ ಬೆರೆಸಿದ ನೀರಿಟ್ಟು ಇನ್ನೊಂದು ಗಾಡಿಯಲ್ಲಿ ಅದೇ ದಾರಿಗಳಲ್ಲಿ ನಿಧಾನಕ್ಕೆ ಸುತ್ತಿದೆ. ಹಳ್ಳಕ್ಕಿಳಿಯುವ ತಿರುವಿನಲ್ಲಿ ನೀರೆಲ್ಲ ಒಂದು ಮೂಲೆಗೆ ಸೇರಿ ಎದುರಿನ ಮೂಲೆ ಪೂರ್ತಿ ಬರಿದಾಗುತ್ತಿತ್ತು. ಕಾರ್ಬೊರೇಟರ್ ಇದ್ದಾಗ ಇದು ಗೊತ್ತೇ ಆಗುತ್ತಿರಲಿಲ್ಲ, ಬಟ್ಟಲಿನಲ್ಲಿದ್ದ ಪೆಟ್ರೋಲಿನಲ್ಲಿ ಎಂಜಿನ್ ಆ ಕ್ಷಣ ದಾಟಿಬಿಡುತ್ತಿತ್ತು. ಇಂಜೆಕ್ಟರಿಗೆ ಅಂಥ ಬಟ್ಟಲಿಲ್ಲ. ಪಂಪು ಒಂದು ಗುಟುಕು ಗಾಳಿ ಹೀರಿದರೆ ರೇಲಿನ ಒತ್ತಡ ಕುಸಿಯುತ್ತದೆ, ಎಂಜಿನ್ ಕೆಮ್ಮುತ್ತದೆ. ಜಿಪ್ಸಿಯಲ್ಲಿ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಈ ಟ್ಯಾಂಕಿನ ಎತ್ತರಕ್ಕೆ ಅದು ಹಿಡಿಸದು.

ಮೇಸ್ತ್ರಿ ಕಂಡುಕೊಂಡ ದಾರಿ ಇದು. ಟ್ಯಾಂಕಿನ ಪಕ್ಕದಲ್ಲಿ, ಚಾಸಿಗೆ ಬಿಗಿದು, ಒಂದೂವರೆ ಲೀಟರಿನ ಎತ್ತರದ ಅಲ್ಯೂಮಿನಿಯಂ ಮಡಕೆ. ಕಡಿಮೆ ಒತ್ತಡದ ಸಣ್ಣ ಪಂಪು ಟ್ಯಾಂಕಿನಿಂದ ಅದಕ್ಕೆ ತುಂಬುತ್ತದೆ. ಮಡಕೆಯ ತಳದಿಂದ ದೊಡ್ಡ ಪಂಪು ಎಂಜಿನ್ನಿಗೆ ತಳ್ಳುತ್ತದೆ. ಎಂಜಿನ್ನಿನಿಂದ ವಾಪಸ್ ಬಂದದ್ದು ಮತ್ತೆ ಮಡಕೆಗೇ. ತುಂಬಿ ಉಕ್ಕಿದ್ದು ಮೇಲಿನ ಬಾಯಿಂದ ಟ್ಯಾಂಕಿಗೆ. ಗಾಳಿಗುಳ್ಳೆ ಬಂದರೂ ಮೇಲೇರಿ ಹೊರಟುಹೋಗುತ್ತದೆ, ತಳದಲ್ಲಿ ಯಾವಾಗಲೂ ಪೆಟ್ರೋಲೇ ಇರುತ್ತದೆ. ಸಣ್ಣ ಪಂಪು ದೊಡ್ಡದಕ್ಕಿಂತ ಕಡಿಮೆ ಹರಿಸಿದರೂ ನಡೆಯುತ್ತದೆ, ಎಂಜಿನ್ ಕುಡಿಯುವುದಕ್ಕಿಂತ ಹೆಚ್ಚು ತಂದುಕೊಟ್ಟರೆ ಸಾಕು. ಉಕ್ಕಿದ್ದು ಹೋಗುವ ಪೈಪನ್ನು ಟ್ಯಾಂಕಿನೊಳಗೆ ತಳದವರೆಗೆ ಇಳಿಸಿ, ಹೀರುವ ಪೈಪಿನಿಂದ ದೂರ ಬಿಟ್ಟಿದ್ದಾರೆ. ಮೇಲಿಂದ ಸುರಿದರೆ ನೊರೆಯೂ ಆವಿಯೂ ಹೆಚ್ಚುತ್ತದೆ. ಪಂಪಿನ ಮುಂಚೆ ಒರಟು ಜಾಲರಿಯ ಫಿಲ್ಟರ್, ನಂತರ ಸಣ್ಣ ಕಣ್ಣಿನದು. ಸಣ್ಣ ಕಣ್ಣಿನದನ್ನು ಹೀರುವ ಬದಿಗೆ ಹಾಕಬಾರದು, ಅಲ್ಲಿ ತಡೆ ಹೆಚ್ಚಾದಷ್ಟೂ ಪೆಟ್ರೋಲು ಬೇಗ ಕುದಿಯುತ್ತದೆ.

ಈ ಕುದಿಯುವ ವಿಚಾರ ಕುತೂಹಲದ್ದು. ಪೆಟ್ರೋಲಿನ ಹಗುರ ಭಾಗ 35–40 ಡಿಗ್ರಿಯಲ್ಲೇ ಕುದಿಯಲು ತೊಡಗುತ್ತದೆ, ಏಪ್ರಿಲ್ ಬಿಸಿಲಿನ ತಾಪ ಅದು. ಸಕಲೇಶಪುರ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇಲ್ಲಿ ಇನ್ನೂ ಸ್ವಲ್ಪ ಬೇಗ. ಹೀರಿದಾಗ ಒತ್ತಡ ಮತ್ತೂ ಇಳಿಯುತ್ತದೆ. ಹಳೆಯ ಜೀಪುಗಳು ಘಾಟಿ ಹತ್ತಿ ಬಂದು ನಿಂತ ಮೇಲೆ ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುತ್ತಿದ್ದುದು, ಡ್ರೈವರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕೂರುತ್ತಿದ್ದುದು ಇದಕ್ಕೇ. ತಳ್ಳುವ ಬದಿಯಲ್ಲಿ, 3 ಬಾರ್ ಒತ್ತಡದಲ್ಲಿ, ಅದೇ ಪೆಟ್ರೋಲು ಎಂಜಿನ್ನಿನ ಬಿಸಿಗೂ ಜಗ್ಗದೆ ದ್ರವವಾಗಿಯೇ ಇರುತ್ತದೆ. ಆದ್ದರಿಂದ ವಿದ್ಯುತ್ ಪಂಪು ಟ್ಯಾಂಕಿಗೆ ಹತ್ತಿರವಿರಬೇಕು, ತಗ್ಗಿನಲ್ಲಿರಬೇಕು, ಹೀರುವ ಪೈಪು ಮೊಳದೊಳಗೆ ಮುಗಿಯಬೇಕು.

ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿ ಘಮಘಮಿಸುತ್ತಿದ್ದ ವಾರ ಪೈಪಿನ ಕೆಲಸ ನಡೆಯುತ್ತಿತ್ತು. ತಾಮ್ರದ ಕೊಳವೆ ಬಗ್ಗಿಸಲು ಸುಲಭವೆಂದು ಕೆಲವರು ಹಾಕುತ್ತಾರೆ. ಅದು ಅದುರಿ ಅದುರಿ ಗಡಸಾಗಿ ಬಿರಿಯುತ್ತದೆ, ಪೆಟ್ರೋಲು ಅಂಟಾಗುವುದನ್ನೂ ಚುರುಕುಗೊಳಿಸುತ್ತದೆ. ಉಕ್ಕಿನ ಕೊಳವೆಯೇ ಸರಿ. ಸೈಲೆನ್ಸರ್ ಇಲ್ಲದ ಬದಿಯಲ್ಲಿ, ಚಾಸಿಯ ಒಳಮಗ್ಗುಲಲ್ಲಿ, ಮೊಳಕ್ಕೊಂದು ಕ್ಲಿಪ್ಪು. ಎಂಜಿನ್ ಅಲುಗುವ ಕಡೆ ಮಾತ್ರ ರಬ್ಬರ್ ಹೋಸು, ಅದೂ ಅಂಗಡಿಯವರು ಎಂಪಿಎಫ್ಐ ಪೈಪು ಎನ್ನುವ ಬಗೆಯದು. ಹಳೆಯ ಬಗೆಯ ಪೈಪು ಈ ಒತ್ತಡಕ್ಕೆ ತಾಳದು. ತಾಳಿದರೂ ಇನ್ನೊಂದು ವಿಷಯವಿದೆ: ಪೆಟ್ರೋಲು ರಬ್ಬರಿನ ಗೋಡೆಯ ಮೂಲಕವೇ ನಡೆದು ಹೊರಬರುತ್ತದೆ. ಹಳೆಯ ಬಗೆಯದೊಂದು, ಹೊಸದೊಂದು ತುಂಡಿಗೆ ಪೆಟ್ರೋಲ್ ತುಂಬಿ, ಎರಡೂ ತುದಿ ಬಿಗಿದು, ಕಾಫಿ ಮಾದರಿ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿ ನೆರಳಿನಲ್ಲಿ ನೇತುಹಾಕಿದೆ. ಎಲ್ಲಿಯೂ ಒಂದು ಹನಿ ಸೋರದೆ ಹಳೆಯದರ ತೂಕ ವಾರದಿಂದ ವಾರಕ್ಕೆ ಇಳಿಯುತ್ತಾ ಹೋಯಿತು. ಫ್ಲೋರೋ ರಬ್ಬರಿನ ಒಳಪದರವಿದ್ದ ಹೊಸದರ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು.

ಹೊರಬಂದ ಆ ಆವಿಯಲ್ಲಿ ಎಥನಾಲ್ ಇದೆ. ಕಾಫಿ ಬೆಳೆಗಾರರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಕಾಯಿಕೊರಕವನ್ನು ಹಿಡಿಯಲು ತೋಟದಲ್ಲಿ ತೂಗುಹಾಕುವ ಕೆಂಪು ಬಲೆಯೊಳಗೆ ಇರುವುದು ಎಥನಾಲ್, ಮೆಥನಾಲ್ ಬೆರೆಸಿದ ದ್ರವ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಆ ಹುಳು ಈ ವಾಸನೆಗೆ ಹಾರಿಬಂದು ಬೀಳುತ್ತದೆ. ರೊಬಸ್ಟಾದ ರೆಂಬೆ ಕೊರೆಯುವ ಅದರ ನಂಟ ಇನ್ನೂ ಸೂಕ್ಷ್ಮ: ಎರಡು ಮಿಲಿಮೀಟರಿಗೂ ಚಿಕ್ಕ ಕಪ್ಪು ಜೀರುಂಡೆ, ರೆಂಬೆಯ ಕೆಳಮಗ್ಗುಲಲ್ಲಿ ಸೂಜಿ ಚುಚ್ಚಿದಂಥ ತೂತು. ಒಳಗೆ ಅದು ಮರ ತಿನ್ನುವುದಿಲ್ಲ; ಸುರಂಗದ ಗೋಡೆಗೆ ಬೂಷ್ಟು ಬೆಳೆಸಿ ಮರಿಗಳಿಗೆ ತಿನ್ನಿಸುತ್ತದೆ. ಬಳಲಿದ, ಬೇರು ಉಸಿರುಕಟ್ಟಿದ ಮರದಿಂದ ಎಥನಾಲ್ ಹೊಮ್ಮುತ್ತದೆ, ಈ ಕುಲದ ಜೀರುಂಡೆಗಳಿಗೆ ಅದೇ ಆಹ್ವಾನ. ಕೇರಳದಲ್ಲಿ ವಾಹನಗಳ ಪೆಟ್ರೋಲ್ ಹೋಸಿನಲ್ಲಿ ಸೂಜಿತೂತುಗಳು ಕಂಡು, ಇಂಥ ಸಣ್ಣ ಜೀರುಂಡೆಗಳೇ ಕಾರಣವೆಂದು ಪತ್ರಿಕೆಗಳು ಬರೆದದ್ದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಎಥನಾಲ್ ಸೂಸುವ ಬೆರಳುಗಾತ್ರದ ಹೋಸು ಹುಳುವಿಗೆ ಬಳಲಿದ ಒಂದು ರೆಂಬೆಯೇ. ಕಾಲು ಬಾರ್ ಒತ್ತಡದಲ್ಲಿ ಅಂಥ ತೂತು ಪೈಪನ್ನು ಒದ್ದೆ ಮಾಡುತ್ತದೆ; 3 ಬಾರಿನಲ್ಲಿ ಬಿಸಿ ಎಂಜಿನ್ನಿನ ಮೇಲೆ ಸಿಂಪಡಿಸುತ್ತದೆ. ಈ ತೋಟದ ಬೇಲಿಯಲ್ಲೇ ರೊಬಸ್ಟಾ ಇದೆ, ರೆಂಬೆ ಒಣಗಿದ ಗಿಡಗಳೂ ಇವೆ. ಹೋಸುಗಳನ್ನು ಆದಷ್ಟು ಗಿಡ್ಡ ಮಾಡಿ, ಮೇಲೆ ಉಕ್ಕಿನ ಹೆಣಿಗೆಯ ಕವಚ ಹಾಕಿಸಿದ್ದು ಅದಕ್ಕಾಗಿ. ಗಾಳಿಕೊಳವೆಯ ಹೊಸ ಪೈಪನ್ನು ಸೀಟಿಗಿಂತ ಎತ್ತರಕ್ಕೆ ಒಯ್ದು, ಬಾಯನ್ನು ಕೆಳಕ್ಕೆ ಬಾಗಿಸಿ, ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿ ಕೂರಿಸಿದ್ದೂ ಕಣಜ, ಜೇಡಗಳ ಜೊತೆ ಜಗಳವಿಲ್ಲದೆ ಬಾಳುವುದಕ್ಕೆ.

ವೈರಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆದರೆ ಒಂದು ಬಿಡುವಂತಿಲ್ಲ. ಚಾವಿ ತಿರುಗಿಸಿದಾಗ ಪಂಪು ಎರಡು ಮೂರು ಸೆಕೆಂಡು ಓಡಿ ನಿಲ್ಲಬೇಕು. ಎಂಜಿನ್ ತಿರುಗುತ್ತಿರುವ ಸಂಕೇತ ಬಂದರೆ ಮಾತ್ರ ಮತ್ತೆ ಓಡಬೇಕು. ಪಂಪನ್ನು ನೇರವಾಗಿ ಚಾವಿಗೆ ಕಟ್ಟಿಬಿಟ್ಟರೆ ಗಾಡಿ ಮಗುಚಿ ಎಂಜಿನ್ ನಿಂತ ಮೇಲೂ ಅದು ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ. ರಿಲೇ, ಫ್ಯೂಸು, ಡಿಕ್ಕಿಯಾದರೆ ಸಂಪರ್ಕ ಕಡಿಯುವ ಸ್ವಿಚ್ಚು, ಈ ಮೂರರಲ್ಲಿ ಮೇಸ್ತ್ರಿ ಒಂದನ್ನೂ ಬಿಡಲಿಲ್ಲ.

ರೇಲಿಗೆ ಗೇಜು ಕಟ್ಟಿ ಮೊದಲ ಸಲ ಚಾವಿ ತಿರುಗಿಸಿದಾಗ ಎಲ್ಲರೂ ಗೇಜು ನೋಡಿದರು, ಮೇಸ್ತ್ರಿ ಟಾರ್ಚು ಹಿಡಿದು ಜೋಡಣೆಗಳನ್ನು ನೋಡಿದರು. ಮುಳ್ಳು ಮೂರರ ಹತ್ತಿರ ನಿಂತಿತು. ಪಂಪು ನಿಂತ ಮೇಲೂ ಕೆಳಗಿಳಿಯಲಿಲ್ಲ. ಅಂದರೆ ಪಂಪಿನ ಹಿಮ್ಮುಖ ವಾಲ್ವು, ಇಂಜೆಕ್ಟರುಗಳು, ರೆಗ್ಯುಲೇಟರು ಎಲ್ಲವೂ ಬಿಗಿ. ಎಂಜಿನ್ ಸ್ಟಾರ್ಟ್ ಆದಾಗ ಮುಳ್ಳು ಎರಡೂವರೆಗೆ ಇಳಿಯಿತು. ಯಜಮಾನರು ಗಾಬರಿಯಾದರು. “ಅದು ಹಂಗೇ ಇರ್ಬೇಕು ಗೌಡ್ರೆ” ಎಂದು ಮೇಸ್ತ್ರಿ ರೆಗ್ಯುಲೇಟರಿನ ಸಣ್ಣ ಗಾಳಿಪೈಪು ಕಿತ್ತು ತೋರಿಸಿದರು; ಮುಳ್ಳು ಮತ್ತೆ ಮೂರಕ್ಕೆ ಏರಿತು. ಐಡ್ಲಿಂಗಿನಲ್ಲಿ ಎಂಜಿನ್ನಿನ ಒಳದಾರಿಯಲ್ಲಿ ನಿರ್ವಾತವಿರುತ್ತದೆ, ಅದು ಇಂಜೆಕ್ಟರಿನ ಬಾಯಿಂದ ಪೆಟ್ರೋಲನ್ನು ಎಳೆಯುತ್ತದೆ. ಅಷ್ಟರಮಟ್ಟಿಗೆ ರೇಲಿನ ಒತ್ತಡ ಇಳಿದರೆ ಬಾಯಿಯ ಎರಡು ಬದಿಯ ವ್ಯತ್ಯಾಸ ಯಾವಾಗಲೂ ಒಂದೇ. ಎಂಜಿನ್ನಿನ ಥ್ರಾಟಲನ್ನು ತೆರೆದರೂ ಮುಚ್ಚಿದರೂ ಸಮವಾಗಿ ಉಣಿಸುವ ರೆಗ್ಯುಲೇಟರಿನ ಈ ಸಣ್ಣ ಪೊರೆಯ ಆಟವನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಕೆನಿಸಲಿಲ್ಲ.

ಭರಣಿ ಮಳೆಗೆ ಮುಂಚೆ, ಟ್ಯಾಂಕಿನಲ್ಲಿ ಕಾಲು ಭಾಗವಷ್ಟೇ ಪೆಟ್ರೋಲ್ ಇಟ್ಟುಕೊಂಡು ಶಿರಾಡಿ ಘಾಟಿ ಇಳಿದೆವು. ಗುಂಡ್ಯದ ಸೆಕೆಯಲ್ಲಿ ಎಂಜಿನ್ ಆರಿಸಿ ಬಾನೆಟ್ ಮುಚ್ಚಿಯೇ ಇಟ್ಟು ಊಟ ಮಾಡಿದೆವು. ಆರಿಸಿದ ಮೇಲೆ ಗಾಳಿಯೂ ಇಲ್ಲ, ನೀರೂ ಹರಿಯದು. ಬಾನೆಟ್ಟಿನಡಿ ಬಿಸಿ ಆಗಲೇ ಹೆಚ್ಚು ಏರುವುದು. ಮರಳಿ ಚಾವಿ ತಿರುಗಿಸಿದಾಗ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಲಾರಿಗಳ ಹಿಂದೆ ತೆವಳುತ್ತಾ ಹತ್ತುವಾಗ ಮೇಸ್ತ್ರಿ ಆಗಾಗ ಇಳಿದು ಮಡಕೆಯ ಮೈ ಮುಟ್ಟಿ ನೋಡುತ್ತಿದ್ದರು. ಬೆಚ್ಚಗಿತ್ತು, ಕೈ ಇಡಬಹುದಾದಷ್ಟು. ಓರೆಯಲ್ಲಿ ಎಲ್ಲಿಯೂ ಕೆಮ್ಮಲಿಲ್ಲ.

ಈಗ ಮೃಗಶಿರ ಹಿಡಿದಿದೆ. ಮಡಕೆಯ ತಳದ ನಲ್ಲಿಯಿಂದ ಆಗಾಗ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಿಟ್ಟು, ಇಡೀ ರಾತ್ರಿ ಇಟ್ಟು, ತಳದಲ್ಲಿ ಪದರ ಕೂಡುತ್ತದೆಯೇ ಎಂದು ನೋಡುತ್ತಿದ್ದೇವೆ. ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯಲು ಬಿಡುತ್ತಿಲ್ಲ. ಹೋಸುಗಳನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದು ನೋಡುವುದು ತೋಟದ ಡ್ರೈವರಿನ ಕೆಲಸ. ಉಳಿದಿರುವುದು ಜಿಪ್ಸಿಯ ಇದ್ದಿಲಿನ ಡಬ್ಬಿ. ಅದರೊಳಗಿನ ಇದ್ದಿಲು ಟ್ಯಾಂಕಿನ ಆವಿಯನ್ನು ಹಿಡಿದಿಟ್ಟುಕೊಂಡು, ಎಂಜಿನ್ ಓಡುವಾಗ ಅದಕ್ಕೇ ಕುಡಿಯಲು ಕೊಡುತ್ತದೆ. ಶೆಡ್ಡಿನ ಪೆಟ್ರೋಲ್ ವಾಸನೆ ಕಡಿಮೆಯಾಗುತ್ತದೆ. ಹುಳುಗಳನ್ನು ಕರೆಯುವ ವಾಸನೆಯೂ ಅದೇ ತಾನೆ. ಬ್ಯಾಟರಿಯ ಹಿಂದೆ ಅದಕ್ಕೆ ಜಾಗ ಸಿಕ್ಕಿದೆ, ಎಂಜಿನ್ನಿಗೆ ಹೋಗುವ ಸಣ್ಣ ಪೈಪಿನ ಅಳತೆ ತೆಗೆದಾಗಿದೆ. ಮಳೆ ಬಿಡುವು ಕೊಟ್ಟ ದಿನ ಹಾಸನಕ್ಕೆ ಹೋಗಿ ಆ ಪೈಪಿನ ವಾಲ್ವು ತರಬೇಕು.